ಬೆರಳಿಗೆ ಕಾಯುವ ಪಿಯಾನೋ

ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಮಾಡುವವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ನಾಯಕಿ ಬಾಗಿಲ ಹತ್ತಿರ ನಿಂತು ಹಿಂದಿರುಗಿ ನೋಡುವುದು ಎಷ್ಟನೇ ಸೆಕೆಂಡಿಗೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ಸರಿಯಾಗಿ ಅಲ್ಲಿಗೆ ಪಿಟೀಲು ಏರಿಸಿದರೆ ಆಯಿತು. ನಾನು ಸಂಗೀತ ಮಾಡುವುದು ವಿಷುಯಲ್ ನಾವೆಲ್‌ಗಳಿಗೆ. ಇಲ್ಲಿ ಆ ಸೆಕೆಂಡು ಯಾವುದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದು ಓದುವವರ ಬೆರಳಿಗೆ ಬಿಟ್ಟದ್ದು.

ಈ ಹೆಸರೇ ಕೇಳದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಪರದೆ ಮೇಲೆ ಒಂದು ಹಿನ್ನೆಲೆ ಚಿತ್ರ, ಅದರ ಮುಂದೆ ಒಂದೋ ಎರಡೋ ಪಾತ್ರಗಳು, ಕೆಳಗೆ ಮಾತು ಬರುವ ಪೆಟ್ಟಿಗೆ. ಕ್ಲಿಕ್ ಮಾಡಿದರೆ ಮುಂದಿನ ಸಾಲು. ಅಲ್ಲಲ್ಲಿ ಒಂದು ಆಯ್ಕೆ ಬರುತ್ತದೆ, ನೀವು ಆರಿಸಿದ ದಾರಿಯಲ್ಲಿ ಕತೆ ಹೋಗುತ್ತದೆ. ಗೇಮ್ ಅಂತ ಕರೆದರೂ ಮುಕ್ಕಾಲು ಪಾಲು ಓದುವುದೇ. ಇದು ಬೆಳೆದದ್ದು ಜಪಾನಿನಲ್ಲಿ. 1992ರಲ್ಲಿ ಚುನ್‌ಸಾಫ್ಟ್ ಕಂಪನಿ ಸೂಪರ್ ಫ್ಯಾಮಿಕಾಮ್ ಅನ್ನುವ ಗೇಮ್ ಯಂತ್ರಕ್ಕೆ ‘ಒತೊಗಿರಿಸೊ’ ಅನ್ನುವ ಭಯದ ಕತೆ ತಂದಾಗ ಅದನ್ನು ಕರೆದದ್ದು ಸೌಂಡ್ ನಾವೆಲ್ ಅಂತ. 1994ರಲ್ಲಿ ಬಂದ ಅವರದೇ ‘ಕಮಾಯಿತಾಚಿ ನೊ ಯೊರು’ನಲ್ಲಿ ಪಾತ್ರಗಳು ಬರೀ ನೀಲಿ ನೆರಳಿನ ಆಕಾರ. ಮುಖವೇ ಇಲ್ಲ! ಹೆದರಿಸುವ ಕೆಲಸದಲ್ಲಿ ಅರ್ಧ ಬರಹದ್ದು, ಅರ್ಧ ಸದ್ದಿನದ್ದು. ವಿಷುಯಲ್ ನಾವೆಲ್ ಅನ್ನುವ ಹೆಸರು ಚಾಲ್ತಿಗೆ ಬಂದದ್ದು ಆಮೇಲೆ, 1996ರಲ್ಲಿ ಶುರುವಾದ ಲೀಫ್ ಸಂಸ್ಥೆಯ ಸರಣಿಯಿಂದ.

ಈಗ ಪಾತ್ರಗಳಿಗೆ ಮುಖ ಬಂದಿದೆ. ಆದರೂ ಒಂದು ಪಾತ್ರಕ್ಕೆ ಕೆಲವೇ ಮುಖಭಾವ ಬರೆದಿರುತ್ತಾರೆ, ಅಷ್ಟೇ. ಕೈ ನಡುಗುವುದು ಕಾಣುವುದಿಲ್ಲ. ಮಾತಾಡುತ್ತಾ ಮಾತಾಡುತ್ತಾ ದನಿ ಸಣ್ಣಗಾಗುವುದು, ಡಬ್ಬಿಂಗ್ ಇಲ್ಲದಿದ್ದರೆ, ಕೇಳುವುದೂ ಇಲ್ಲ. ಪರದೆ ಮೇಲೆ ಹೊತ್ತು ಸಾಗುತ್ತಿದೆ ಅಂತ ಹೇಳುವುದಕ್ಕೆ ಇರುವುದು ಸಂಗೀತ ಒಂದೇ. ಎಷ್ಟು ಹೊತ್ತು ಅಂತ ಮಾತ್ರ ಆ ಸಂಗೀತಕ್ಕೇ ಗೊತ್ತಿಲ್ಲ. ಒಬ್ಬರು ಒಂದು ದೃಶ್ಯವನ್ನು ಎರಡು ನಿಮಿಷದಲ್ಲಿ ಓದಿ ಮುಗಿಸುತ್ತಾರೆ. ಇನ್ನೊಬ್ಬರು ನಡುವೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುತ್ತಾರೆ. ಮತ್ತೊಬ್ಬರು ಒಂದೇ ಸಾಲನ್ನು ಐದು ಸಲ ಓದುತ್ತಾರೆ. ನನ್ನ ಟ್ಯೂನ್ ಇವರೆಲ್ಲರಿಗೂ ಹೊಂದಬೇಕು.

ಯಕ್ಷಗಾನದ ಭಾಗವತರದ್ದೂ ಹೆಚ್ಚುಕಡಿಮೆ ಇದೇ ಕೆಲಸ. ವೇಷಧಾರಿ ಎಷ್ಟು ಹೊತ್ತು ಕುಣಿಯುತ್ತಾನೆ ಅಂತ ಮೊದಲೇ ಲೆಕ್ಕ ಹಾಕಲಾಗದು. ಪದ ಎಳೆಯುತ್ತಾರೆ, ಅದೇ ಸಾಲನ್ನು ತಿರುಗಿಸಿ ಹಾಡುತ್ತಾರೆ, ಸಾಕು ಅನ್ನಿಸಿದಾಗ ಮುಗಿಸುತ್ತಾರೆ. ಆದರೆ ಭಾಗವತರಿಗೆ ವೇಷ ಎದುರಿಗೇ ಇರುತ್ತದೆ. ನನಗೆ ಯಾರೂ ಕಾಣುವುದಿಲ್ಲ.

ನಾನು ಕೆಲಸ ಮಾಡುವುದು ಚಿಕ್ಕ ಚಿಕ್ಕ ತಂಡಗಳ ಜೊತೆ. ಕತೆ ಬರೆಯುವವರು ಒಂದು ದೇಶದಲ್ಲಿ, ಚಿತ್ರ ಬಿಡಿಸುವವರು ಇನ್ನೊಂದು ದೇಶದಲ್ಲಿ. ದುಡ್ಡು ಅಷ್ಟಕ್ಕಷ್ಟೇ. ಶುರುವಿನಲ್ಲೇ ಒಂದು ಪಟ್ಟಿ ಬರುತ್ತದೆ: ಖುಷಿ 1, ಖುಷಿ 2, ಟೆನ್ಷನ್, ಬೇಸರ 1, ಬೇಸರ 2, ತುಂಬಾ ಬೇಸರ. ಈ ‘ತುಂಬಾ ಬೇಸರ’ದ ಪಕ್ಕದಲ್ಲಿ ಒಂದು ಟಿಪ್ಪಣಿ ಇದ್ದೇ ಇರುತ್ತದೆ, ಇಲ್ಲಿ ಎಲ್ಲರೂ ಅಳಬೇಕು ಅಂತ. ಮೊದಲು ಅದನ್ನೇ ಮಾಡಿಕೊಡಿ ಅಂತಲೂ ಕೇಳುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅಳು ಬರುವುದು ಆ ಟ್ರ್ಯಾಕಿನಿಂದ ಅಲ್ಲ. ಅದಕ್ಕಿಂತ ಎಷ್ಟೋ ಗಂಟೆ ಮೊದಲು, ಏನೂ ನಡೆಯದ ದೃಶ್ಯದಲ್ಲಿ, ಗಮನ ಕೊಡದೆ ಕೇಳಿದ ಟ್ಯೂನಿನಿಂದ.

ಇದನ್ನು ಚೆನ್ನಾಗಿ ಅರಿತವರು ಜಪಾನಿನ ಕೀ ಸಂಸ್ಥೆಯವರು. 1999ರ ‘ಕನೋನ್’, 2000ದ ‘ಏರ್’, 2004ರ ‘ಕ್ಲನಾಡ್’ ಇವರವೇ. ಓದುವವರನ್ನು ಅಳಿಸಲೆಂದೇ ಬರೆಯುವ ಇಂಥ ಕತೆಗಳಿಗೆ ಅಲ್ಲಿ ‘ನಾಕಿಗೇ’ ಅಂತ ಒಂದು ಪ್ರಕಾರವೇ ಇದೆ. ಅಲ್ಲಿನ ಜುನ್ ಮಯೆದಾ ಕತೆಯನ್ನೂ ಬರೆಯುತ್ತಾರೆ, ಸಂಗೀತವನ್ನೂ ಮಾಡುತ್ತಾರೆ. ಅದೆಷ್ಟು ದೊಡ್ಡ ಅನುಕೂಲ ಅಂತ ನನ್ನಂಥವರಿಗೆ ಗೊತ್ತು. ಯಾವ ಸಾಲಿಗೆ ಸಂಗೀತ ಬೇಕು, ಯಾವುದಕ್ಕೆ ಬೇಡ ಅಂತ ಇನ್ನೊಬ್ಬರ ಜೊತೆ ಗುದ್ದಾಡಬೇಕಾಗಿಲ್ಲ ನೋಡಿ. ‘ಕ್ಲನಾಡ್’ ಶುರುವಾಗುವುದು ಶಾಲೆಗೆ ಹೋಗುವ ಏರುದಾರಿಯ ಬುಡದಲ್ಲಿ. ಅಲ್ಲಿ ನಾಗಿಸಾ ಅನ್ನುವ ಹುಡುಗಿ ನಿಂತಿರುತ್ತಾಳೆ. ಅವಳ ಹೆಸರಿನದೇ ಒಂದು ಟ್ಯೂನ್ ಇದೆ. ಸೌಂಡ್‌ಟ್ರ್ಯಾಕಿನ ಪಟ್ಟಿ ನೋಡಿದರೆ ಅದೇ ಹೆಸರಿನ ಇನ್ನೊಂದು ರೂಪ ಸಿಗುತ್ತದೆ, ಏರುದಾರಿಯ ಕೆಳಗಿನ ಅಗಲಿಕೆ ಅನ್ನುವ ಉಪಶೀರ್ಷಿಕೆ ಹೊತ್ತು. ಹೊಸ ದುಃಖಕ್ಕೆ ಹೊಸ ಟ್ಯೂನ್ ಹುಡುಕಲು ಹೋಗಿಲ್ಲ. ಪರಿಚಯದ್ದನ್ನೇ ಬೇರೆ ಥರ ನುಡಿಸಿದ್ದಾರೆ.

ಹಾಗಾಗಿ ನನ್ನ ಹೆಚ್ಚಿನ ಹೊತ್ತು ಹೋಗುವುದು ಬೆಳಗಿನ ತಿಂಡಿಯ ದೃಶ್ಯಕ್ಕೆ. ಈಚೆಗೆ ಮಾಡಿದ ಒಂದರಲ್ಲಿ ಅಕ್ಕ–ತಮ್ಮ ಇಬ್ಬರೇ ಒಂದು ಬಾಡಿಗೆ ಕೋಣೆಯಲ್ಲಿರುತ್ತಾರೆ. ಅಕ್ಕ ಬ್ರೆಡ್ಡು ಸುಡುತ್ತಾಳೆ, ತಮ್ಮ ಕಾಲುಚೀಲ ಹುಡುಕುತ್ತಾನೆ. ಕತೆಗೆ ಇದರಿಂದ ಏನೂ ಆಗಬೇಕಾಗಿಲ್ಲ. ಈ ದೃಶ್ಯಕ್ಕೆ ಪಿಯಾನೋದಲ್ಲಿ ಒಂದು ಸರಳ ಟ್ಯೂನ್ ಇಟ್ಟೆ. ಎಡಗೈಯಲ್ಲಿ ಎರಡೇ ಸ್ವರ ಆಚೆ ಈಚೆ ಆಡುತ್ತವೆ, ಬಲಗೈಯಲ್ಲಿ ಗುನುಗಿಕೊಳ್ಳಬಹುದಾದ ಒಂದು ಸಾಲು. ಆ ಸಾಲಿನ ಕೊನೆಯ ಮೂರು ಸ್ವರ ಇಳಿದು ಷಡ್ಜಕ್ಕೆ ಬಂದು ಕೂರುತ್ತವೆ. ದಿನಾ ಬೆಳಗ್ಗೆ ಇದೇ. ಕತೆಯ ಕೊನೆಯಲ್ಲಿ ತಮ್ಮ ಒಬ್ಬನೇ ಅದೇ ಕೋಣೆಗೆ ಬರುತ್ತಾನೆ. ಅಲ್ಲಿ ಎಡಗೈಯನ್ನು ಪೂರ್ತಿ ತೆಗೆದೆ. ಬಲಗೈಯ ಸಾಲು ಹಾಗೇ ಇದೆ, ಆ ಕೊನೆಯ ಮೂರು ಸ್ವರ ಮಾತ್ರ ಇಲ್ಲ. ಸಾಲು ಅಲ್ಲಿಗೇ ನಿಂತು ಮತ್ತೆ ಮೊದಲಿಂದ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಓದುವವರ ಕಿವಿಗೆ ಆ ಮೂರು ಸ್ವರ ಬಾಯಿಪಾಠ ಆಗಿರುತ್ತದೆ. ನಾನು ನುಡಿಸದಿದ್ದರೂ ಅವರ ತಲೆಯಲ್ಲಿ ಅವು ಬರುತ್ತವೆ. ಪಿಟೀಲು, ಕೋರಸ್, ಘಂಟೆ ಎಲ್ಲ ಸೇರಿಸಿ ಏರಿಸುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ ಅನ್ನುವುದು ನನ್ನ ನಂಬಿಕೆ.

ದಿನನಿತ್ಯದ ಟ್ಯೂನಿಗೆ ನಮ್ಮ ಮನೆಯಲ್ಲಿ ಒಂದು ಪರೀಕ್ಷೆ ಇದೆ. ಸ್ಪೀಕರಿನಲ್ಲಿ ಹಾಕಿ ಸುಮ್ನೆ ಓಡಲು ಬಿಡುತ್ತೇನೆ. ಅಮ್ಮ ಪಕ್ಕದ ಕೋಣೆಯಲ್ಲಿ ಸೊಪ್ಪು ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ ಇರುತ್ತಾರೆ. ಸ್ವಲ್ಪ ಹೊತ್ತಿಗೆ ‘ಅದನ್ನೇ ಎಷ್ಟು ಸಲ ಹಾಕ್ತೀಯೋ, ತಲೆ ಚಿಟ್ಟು ಹಿಡೀತು’ ಅಂದರೆ ಟ್ಯೂನಿನಲ್ಲಿ ಎದ್ದು ಕಾಣುವುದು ಏನೋ ಜಾಸ್ತಿ ಇದೆ ಅಂತ ಲೆಕ್ಕ. ‘ಯಾರೋ ಹೋಗಿಬಿಟ್ಟ ಥರ ಇದೆಯಲ್ಲೋ’ ಅಂದರೆ ಬೇಸರ ಈಗಲೇ ಬಂದುಬಿಟ್ಟಿದೆ, ಕೊನೆಗೆ ಉಳಿಯುವುದಿಲ್ಲ. ಏನೂ ಅನ್ನದೆ, ತಮಗೇ ಗೊತ್ತಿಲ್ಲದೆ ಗುನುಗಲು ಶುರು ಮಾಡಿದರೆ ಪಾಸು. ಯಾವ ಸಾಫ್ಟ್‌ವೇರಿನಲ್ಲೂ ಈ ಮೀಟರ್ ಸಿಗಲಿಲ್ಲ ನನಗೆ.

ಅಳು ಬರಿಸುವುದಕ್ಕೆ ಸೂತ್ರ ಇಲ್ಲವೇ ಅಂತ ಕೇಳಿದರೆ, ಇದೆ. ಅದರ ಬಗ್ಗೆ ಅಸಡ್ಡೆಯೇನೂ ಬೇಡ. ಜಪಾನಿನ ಪಾಪ್ ಹಾಡು, ಅನಿಮೆ, ಗೇಮ್ ಎಲ್ಲ ಕಡೆ ಬರುವ ಒಂದು ಕಾರ್ಡ್‌ಗಳ ಸಾಲಿದೆ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ರಾಜಮಾರ್ಗ ಅನ್ನುವ ಅರ್ಥದ ಹೆಸರನ್ನೇ ಅಲ್ಲಿ ಅದಕ್ಕೆ ಇಟ್ಟಿದ್ದಾರೆ. ಸಿ ಮೇಜರ್‌ನಲ್ಲಿ ಎಫ್, ಜಿ, ಇ ಮೈನರ್, ಎ ಮೈನರ್. ಸಿ ಅನ್ನು ಷಡ್ಜ ಅಂತ ಇಟ್ಟುಕೊಂಡರೆ ಮ, ಪ, ಗ, ದ. ಗಮನಿಸಿ, ಷಡ್ಜದ ಕಾರ್ಡ್ ಇದರಲ್ಲಿ ಇಲ್ಲವೇ ಇಲ್ಲ. ಪ ಆದ ಮೇಲೆ ಮನೆಗೆ, ಅಂದರೆ ಷಡ್ಜಕ್ಕೆ, ಬರುತ್ತದೆ ಅಂದುಕೊಂಡರೆ ಗ ಕಡೆ ತಿರುಗಿಬಿಡುತ್ತದೆ. ಮತ್ತೆ ಮತ್ತೆ ತಿರುಗಿದರೂ ಮನೆ ಸಿಗುವುದಿಲ್ಲ. ಹಂಬಲ ಅನ್ನುತ್ತೇವಲ್ಲ, ಅದು ಇಲ್ಲಿಂದ ಸುಲಭವಾಗಿ ಹುಟ್ಟುತ್ತದೆ. ಕೊನೆಯೇ ಇಲ್ಲದೆ ಸುತ್ತಬೇಕಾದ ವಿಷುಯಲ್ ನಾವೆಲ್ ಟ್ರ್ಯಾಕಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಕಷ್ಟ ಏನೆಂದರೆ ಎಲ್ಲರೂ ಇದನ್ನೇ ಹಾಕುತ್ತಾರೆ. ಮೊದಲ ಎರಡು ಕಾರ್ಡ್ ಕೇಳಿದ ಕೂಡಲೇ ‘ಓ, ಅಳುವ ಜಾಗ ಬಂತು’ ಅಂತ ಹಳಬರಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಅಳು ಎಲ್ಲಿ ಬರುತ್ತದೆ?

ಇನ್ನೊಂದು ಸಂಗತಿ ನನಗೆ ಹೆಚ್ಚು ಇಷ್ಟ. ಬ್ರಿಟನ್ನಿನ ಮನಃಶಾಸ್ತ್ರಜ್ಞ ಜಾನ್ ಸ್ಲೊಬೊಡ, ಸಂಗೀತದ ಯಾವ ಜಾಗದಲ್ಲಿ ಕಣ್ಣೀರು ಬಂತು, ಯಾವ ಜಾಗದಲ್ಲಿ ಮೈ ಜುಂ ಅಂದಿತು ಅಂತ ಕೇಳುಗರನ್ನೇ ಕೇಳಿ 1991ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಣ್ಣೀರಿನ ಜಾಗಗಳಲ್ಲಿ ಎದ್ದು ಕಂಡದ್ದು ಅಪೊಜತೂರ. ಅಂದರೆ ಕಾರ್ಡಿಗೆ ಸೇರದ ಒಂದು ಸ್ವರದ ಮೇಲೆ ಒತ್ತು ಬಿದ್ದು, ಆಮೇಲೆ ಅದು ಸೇರಬೇಕಾದ ಸ್ವರಕ್ಕೆ ಜಾರುವುದು. ಕರ್ನಾಟಕ ಸಂಗೀತದ ನಾಲ್ಕು ಪಾಠ ಕಲಿತವರಿಗೂ ಈ ಜಾರುವಿಕೆಯ ರುಚಿ ಗೊತ್ತು. ನಮ್ಮಲ್ಲಿ ಅದು ನುಣ್ಣಗೆ ಜಾರುತ್ತದೆ, ಪಿಯಾನೋದಲ್ಲಿ ಮೆಟ್ಟಿಲು ಇಳಿಯಬೇಕು, ಅಷ್ಟೇ ವ್ಯತ್ಯಾಸ. ಕೀಬೋರ್ಡಿನಲ್ಲಿ ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ಚಕ್ರ ತಿರುಗಿಸಿ ಪಿಯಾನೋದಲ್ಲಿ ಗಮಕ ತರಲು ಹೋಗುವವರಿದ್ದಾರೆ. ದಯವಿಟ್ಟು ಬೇಡ. ಪಿಯಾನೋ ನೀರಲ್ಲಿ ಬಿದ್ದ ಹಾಗೆ ಕೇಳುತ್ತದೆ.

ರಾಗದ ಮಾತು ಬಂತಲ್ಲ, ಒಂದು ವಿಷಯ ಹೇಳಲೇಬೇಕು. ಶಿವರಂಜಿನಿ ಅಂದರೆ ನಮ್ಮ ಸಿನಿಮಾ ಕೇಳಿ ಬೆಳೆದವರಿಗೆ ಕಣ್ಣೀರಿನ ರಾಗ. ಸ, ಚತುಶ್ರುತಿ ರಿ, ಸಾಧಾರಣ ಗ, ಪ, ಚತುಶ್ರುತಿ ದ. ಇದರ ಧೈವತವನ್ನು ಅರ್ಧ ಸ್ವರ ಇಳಿಸಿ ಶುದ್ಧ ಧೈವತ ಮಾಡಿ ನೋಡಿ. ಜಪಾನಿನ ಕೊತೊ ವಾದ್ಯದ ಹಿರಾಜೋಶಿ ಸ್ವರಶ್ರೇಣಿ ಅಂತ ಸಾಮಾನ್ಯವಾಗಿ ತೋರಿಸುವ ಸ್ವರಗಳು ಅವೇ. ಒಂದೇ ಒಂದು ಸ್ವರದ ಅಂತರ! ಇದು ತಿಳಿದ ಮೇಲೆ ಎಲ್ಲ ಕಡೆ ಹಿರಾಜೋಶಿ ಸುರಿಯಬೇಕು ಅಂತ ಅನ್ನಿಸುವುದು ಸಹಜ. ಆದರೆ ಜಪಾನಿನ ಈ ಕತೆಗಳಲ್ಲಿ ಶಾಲೆ, ಬಸ್ ಸ್ಟಾಪು, ಅಂಗಡಿ ಬಂದಾಗ ಕೇಳುವುದು ಬಹುತೇಕ ಪಾಶ್ಚಾತ್ಯ ಪಾಪ್ ಶೈಲಿಯ ಪಿಯಾನೋ. ಕೊತೊ ಸ್ವರಗಳು ಬರುವುದು ದೇವಸ್ಥಾನವೋ ಜಾತ್ರೆಯೋ ಹಳೇ ಕಾಲದ ಕತೆಯೋ ಬಂದಾಗ. ಹೊರಗಿನವರು ಮಾತ್ರ ಜಪಾನ್ ಅಂದ ಕೂಡಲೇ ಕೊತೊ ಹುಡುಕುತ್ತಾರೆ. ಭಾರತದ ಪಾತ್ರ ಬಂದರೆ ಸಿತಾರ್ ಹಾಕಿ ಅನ್ನುವವರೂ ಇವರೇ, ಆ ಪಾತ್ರ ಮಂಗಳೂರಿನಲ್ಲಿ ಬಿಪಿಒ ಕೆಲಸ ಮಾಡುತ್ತಿದ್ದರೂ ಸರಿ.

ಇನ್ನು ಸಾಫ್ಟ್‌ವೇರ್. ಇದರ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಸಂಗೀತ ರೆಕಾರ್ಡ್ ಮಾಡಿ ಜೋಡಿಸಲು ನಾನು ಬಳಸುವುದು ರೀಪರ್. 60 ದಿನ ಪುಕ್ಕಟೆ ಬಳಸಿ ನೋಡಬಹುದು, ಆಮೇಲೆ ಒಬ್ಬರ ಬಳಕೆಗೆ 60 ಡಾಲರ್. ಹಿಂದೆ ನಾವೆಲ್ಲ ಹಾಡು ಕೇಳುತ್ತಿದ್ದ ವಿನ್ಆ್ಯಂಪ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರದೇ ಇದೂ. ದುಡ್ಡೇ ಬೇಡ ಅನ್ನುವವರಿಗೆ ಎಲ್ಎಂಎಂಎಸ್ ಇದೆ. ಪಿಯಾನೋಗೆ ಸಾಲಮ್ಯಾಂಡರ್ ಅನ್ನುವ ಪುಕ್ಕಟೆ ಸ್ಯಾಂಪಲ್‌ಗಳ ಕಟ್ಟು ಇದೆ. ಯಮಹಾ ಸಿ5 ಗ್ರ್ಯಾಂಡ್ ಪಿಯಾನೋವನ್ನು ಮೆಲ್ಲಗಿನಿಂದ ಜೋರಿನವರೆಗೆ 16 ಹಂತಗಳಲ್ಲಿ ರೆಕಾರ್ಡ್ ಮಾಡಿದ್ದಾರೆ. ತಂತಿಗೂ ಸುತ್ತಿಗೆಗೂ ನಡುವೆ ಬಟ್ಟೆ ಇಟ್ಟ ಹಾಗೆ ಮೆತ್ತಗೆ ಕೇಳುವ ಫೆಲ್ಟ್ ಪಿಯಾನೋಗಳೂ ಪುಕ್ಕಟೆಯಾಗಿ ಸಿಗುತ್ತವೆ. ಕೀಲಿ ಒತ್ತಿದ ಟಕ್ ಸದ್ದು, ಪೆಡಲ್ ಬಿಟ್ಟ ಉಸಿರಿನಂಥ ಸದ್ದು ಎಲ್ಲ ಅದರಲ್ಲಿ ಕೇಳುತ್ತದೆ. ಯಾರೋ ಹತ್ತಿರ ಕೂತು ನುಡಿಸುತ್ತಿದ್ದಾರೆ ಅನ್ನಿಸುವುದು ಆ ಸದ್ದುಗಳಿಂದಲೇ. ಈಗೀಗ ಎಲ್ಲರೂ ಇದನ್ನೇ ಹಾಕಿ ಹಾಕಿ ಸ್ವಲ್ಪ ಹಳಸಿದೆ ಅನ್ನುವುದೂ ನಿಜ.

ಸ್ಯಾಂಪಲ್ ಎಷ್ಟೇ ಚೆನ್ನಾಗಿರಲಿ, ಭಾವ ಇರುವುದು ವೆಲಾಸಿಟಿಯಲ್ಲಿ. ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದನ್ನು ಮಿಡಿ, ಅಂದರೆ ಕೀಬೋರ್ಡು ಕಂಪ್ಯೂಟರಿಗೆ ಸ್ವರ ತಿಳಿಸುವ ಭಾಷೆ, 127ರವರೆಗಿನ ಒಂದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಮೌಸಿನಲ್ಲಿ ಸ್ವರಗಳನ್ನು ಚುಕ್ಕಿ ಇಟ್ಟಂತೆ ಇಟ್ಟರೆ ಎಲ್ಲವೂ ಒಂದೇ ಅಂಕಿಯಲ್ಲಿ ಬಂದು ಕೂರುತ್ತವೆ. ಅದು ನುಡಿಸಿದ್ದಲ್ಲ, ಮೊಳೆ ಹೊಡೆದದ್ದು. ನನ್ನ ಬೆಳಗಿನ ಟ್ಯೂನಿನಲ್ಲಿ ಎಡಗೈ 35–45ರ ನಡುವೆ ಓಡಾಡುತ್ತದೆ. ಬಲಗೈ 50ರಿಂದ 65. ಸಾಲಿನ ಅತಿ ಎತ್ತರದ ಸ್ವರಕ್ಕೆ ಎಲ್ಲಕ್ಕಿಂತ ಹೆಚ್ಚು ಕೊಡಬೇಕು ಅಂತ ಕೈ ತವಕಿಸುತ್ತದೆ. ನಾನು ಅದಕ್ಕೆ ಪಕ್ಕದ್ದಕ್ಕಿಂತ ಕಡಿಮೆ ಕೊಡುತ್ತೇನೆ, ಜೊತೆಗೆ ಒಂದು ಕೂದಲೆಳೆಯಷ್ಟು ತಡವಾಗಿ ಬರುವಂತೆ ಎಳೆದಿಡುತ್ತೇನೆ. ಏರಿ ಹೋಗಿ ಕೊನೆ ಗಳಿಗೆಯಲ್ಲಿ ಹಿಂಜರಿದ ಹಾಗೆ ಕೇಳುತ್ತದೆ. ತಂತಿವಾದ್ಯ ಸೇರಿಸಿದರೆ ಅಲ್ಲಿ ವೆಲಾಸಿಟಿ ಸಾಲದು. ಮಾಡ್ಯುಲೇಷನ್ ಚಕ್ರ ತಿರುಗಿಸುತ್ತಾ ಏರಿಳಿತವನ್ನು ಕೈಯಾರೆ ಬರೆಯಬೇಕು, ಇಲ್ಲವಾದರೆ ಹಾರ್ಮೋನಿಯಂ ಶ್ರುತಿ ಹಿಡಿದ ಹಾಗೆ ಒಂದೇ ಸಮ ಇರುತ್ತದೆ.

ಲೂಪ್, ಅಂದರೆ ಟ್ಯೂನ್ ಮುಗಿದ ಕೂಡಲೇ ತಾನಾಗಿ ಮತ್ತೆ ಸುತ್ತುವಂತೆ, ಮಾಡುವುದರಲ್ಲಿ ಕಲೆಗಿಂತ ಲೆಕ್ಕವೇ ಜಾಸ್ತಿ. ನನಗೆ 75 ಬಿಪಿಎಂ, ಅಂದರೆ ನಿಮಿಷಕ್ಕೆ 75 ಬೀಟ್, ಇಷ್ಟ, ಲೆಕ್ಕ ಸಲೀಸು. ಒಂದು ಬೀಟಿಗೆ 0.8 ಸೆಕೆಂಡ್, ನಾಲ್ಕು ಬೀಟಿನ ಒಂದು ಬಾರ್‌ಗೆ 3.2. ಮೊದಲ ಎರಡು ಬಾರ್ ಮುನ್ನುಡಿ, ಅಂದರೆ 6.4 ಸೆಕೆಂಡ್. ಆಮೇಲೆ 32 ಬಾರ್‌ಗಳ ಮುಖ್ಯ ಭಾಗ, 102.4 ಸೆಕೆಂಡ್. ಮುನ್ನುಡಿ ಒಂದೇ ಸಲ ಕೇಳಬೇಕು, ಮುಖ್ಯ ಭಾಗ ಮಾತ್ರ ಸುತ್ತುತ್ತಿರಬೇಕು. ಚಿಕ್ಕ ತಂಡಗಳು ಹೆಚ್ಚಾಗಿ ಬಳಸುವ ರೆನ್‌ಪೈ ಎಂಜಿನ್ನಿನಲ್ಲಿ ಇದಕ್ಕೆ ತಂಟೆ ತಕರಾರಿಲ್ಲ. ವಿಷುಯಲ್ ನಾವೆಲ್ ಕಟ್ಟಲೆಂದೇ ಟಾಮ್ ರಾಥಮೆಲ್ 2004ರಲ್ಲಿ ಹೊರತಂದ ಪುಕ್ಕಟೆ ಸಾಫ್ಟ್‌ವೇರ್ ಅದು. ಫೈಲಿನ ಹೆಸರಿನ ಮುಂದೆ ಕೋನಾಕಾರದ ಆವರಣದಲ್ಲಿ ಲೂಪ್ 6.4 ಅಂತ ಬರೆದರೆ ಮುಗಿಯಿತು, ಎರಡನೇ ಸುತ್ತಿನಿಂದ ಅಲ್ಲಿಂದಲೇ ಶುರು.

ತೊಂದರೆ ಇರುವುದು ಬಾಲದಲ್ಲಿ. ಕೊನೆಯ ಸ್ವರದ ಅನುರಣನ, ರೀವರ್ಬ್, ಫೈಲಿನ ಕೊನೆಯಲ್ಲಿ ಕತ್ತರಿಸಿ ಹೋಗುತ್ತದೆ. ಲೂಪ್ ತಿರುಗಿದಾಗ ಯಾರೋ ಕೋಣೆಯ ಗೋಡೆಗಳನ್ನೇ ಎತ್ತಿಕೊಂಡು ಹೋದ ಹಾಗೆ ಒಣ ಒಣ. ಅದಕ್ಕೆ ಮುಖ್ಯ ಭಾಗವನ್ನು ಎರಡು ಸಲ ಬೆನ್ನಿಗೆ ಬೆನ್ನು ಇಟ್ಟು, ಎರಡನೆಯದನ್ನು ಮಾತ್ರ ರಫ್ತು ಮಾಡಬೇಕು. ಆಗ ಮೊದಲ ಸುತ್ತಿನ ಬಾಲ ಎರಡನೆಯದರ ತಲೆಯ ಮೇಲೆ ಬಂದಿರುತ್ತದೆ. ಮುನ್ನುಡಿಯ ಜೊತೆ ಹೊಲಿಯುವಾಗ ಮಾತ್ರ ಸ್ವಲ್ಪ ಹುಷಾರು ಬೇಕು, ಇನ್ನೂ ನುಡಿಸದ ಸ್ವರದ ಬಾಲ ಮೊದಲೇ ಕೇಳಿಬಿಡುತ್ತದೆ. ನಾನು ಮುನ್ನುಡಿಯ ಕೊನೆಗೂ ಮುಖ್ಯ ಭಾಗದ ಕೊನೆಗೂ ಒಂದೇ ಕಾರ್ಡ್ ಇಡುತ್ತೇನೆ, ಗೊತ್ತೇ ಆಗುವುದಿಲ್ಲ. ಎಂಪಿ3 ಬೇಡ. ಅದರ ಎನ್‌ಕೋಡರ್ ಫೈಲಿನ ತಲೆಗೂ ಬಾಲಕ್ಕೂ ಚೂರು ಮೌನ ಅಂಟಿಸುತ್ತದೆ. ಹಾಡು ಕೇಳುವಾಗ ತಿಳಿಯದ ಆ ಚೂರು, ಲೂಪಿನಲ್ಲಿ ಪ್ರತಿ ಸುತ್ತಿಗೂ ಎಡವಿದ ಹಾಗೆ ಕೇಳುತ್ತದೆ. ಅದರ ಬದಲು ಆಗ್ ವೋರ್ಬಿಸ್ ಅಥವಾ ಓಪಸ್ ಫೈಲ್ ಬಳಸಿ.

ಇದೇ ಎಂಜಿನ್ನಿನಲ್ಲಿ ಡ್ಯಾನ್ ಸಾಲ್ವಾಟೊ 2017ರಲ್ಲಿ ಮಾಡಿದ ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’ ನೋಡಿ. ಸಂಗೀತವೂ ಅವರದೇ. ಕ್ಲಬ್ಬಿನ ಹುಡುಗಿಯರ ಜೊತೆ ಒಬ್ಬೊಬ್ಬರಾಗಿ ಕವಿತೆ ಹಂಚಿಕೊಳ್ಳುವ ಜಾಗದಲ್ಲಿ ಟ್ಯೂನ್ ಒಂದೇ, ಎದುರಿಗೆ ಯಾರಿದ್ದಾರೆ ಅನ್ನುವುದರ ಮೇಲೆ ನುಡಿಸುವ ವಾದ್ಯಗಳು ಬದಲಾಗುತ್ತವೆ. ಹೊಸ ಟ್ರ್ಯಾಕ್ ಮೊದಲಿಂದ ಶುರುವಾಗುವುದಿಲ್ಲ, ಹಳೆಯದು ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಕ್ಲಿಕ್ ಮಾಡುವವರಿಗೆ ಬದಲಾದದ್ದು ಸಂಗೀತ ಅನ್ನಿಸುವುದಿಲ್ಲ, ಎದುರಿಗಿರುವ ವ್ಯಕ್ತಿ ಬದಲಾದ ಹಾಗೆ ಅನ್ನಿಸುತ್ತದೆ. ಓದುವವರ ವೇಗ ಗೊತ್ತಿಲ್ಲದಿದ್ದರೂ ಅವರ ಜೊತೆ ಹೆಜ್ಜೆ ಹಾಕಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕೊನೆಯದಾಗಿ, ನಿಲ್ಲಿಸುವುದು. ಚಿಕ್ಕ ತಂಡಗಳಿಗೆ ಮೌನ ಅಂದರೆ ಭಯ. ಸಂಗೀತ ಇಲ್ಲದಿದ್ದರೆ ಗೇಮ್ ಕೆಟ್ಟಿದೆ ಅಂದುಕೊಳ್ಳುತ್ತಾರೆ ಅಂತ. 2002ರಲ್ಲಿ ಶುರುವಾದ ಜಪಾನಿನ ವಿಷುಯಲ್ ನಾವೆಲ್ ‘ಹಿಗುರಾಶಿ’ ಸರಣಿಯನ್ನು ಕೇಳಿದವರಿಗೆ ಆ ಭಯ ಹೋಗುತ್ತದೆ. ಸಂಗೀತ ಕಡಿದು ಬರೀ ಜೀರುಂಡೆ ಸದ್ದು ಉಳಿದರೆ ಓದುವವರು ತಾವಾಗಿಯೇ ಬೆರಳು ತಡೆಯುತ್ತಾರೆ. ನಾನು ತಂಡದವರಿಗೆ ಟ್ರ್ಯಾಕ್ ಕಳಿಸುವಾಗ ಯಾವ ಸಾಲಿಗೆ ಶುರು ಅನ್ನುವುದರ ಜೊತೆ ಯಾವ ಸಾಲಿಗೆ ಬಂದ್ ಅಂತಲೂ ಬರೆದು ಕಳಿಸುತ್ತೇನೆ. ಮೆಲ್ಲಗೆ ಇಳಿಸಬೇಕೋ, ತಟ್ಟನೆ ಕಡಿಯಬೇಕೋ ಅಂತಲೂ. ಸಾವಿನ ಸುದ್ದಿ ಬರುವ ಸಾಲಿಗೆ ಸಂಗೀತ ಶುರು ಮಾಡುವುದು ರೂಢಿ. ಆ ಸಾಲಿಗೆ ಸಂಗೀತ ನಿಲ್ಲಬೇಕು ಅನ್ನುವುದು ನನ್ನ ವಾದ. ಫ್ಯಾನ್ ತಿರುಗುವ ಸದ್ದೋ ಮಳೆಯ ಸದ್ದೋ ಇದ್ದರೆ ಸಾಕು. ಟ್ಯೂನ್ ಆಮೇಲೆ ಬರಲಿ, ಆ ತಮ್ಮ ಮನೆಗೆ ಬಂದು ಬ್ರೆಡ್ಡಿನ ಪೊಟ್ಟಣ ನೋಡಿದಾಗ.

ಇಷ್ಟೆಲ್ಲ ಮಾಡಿದರೂ ನಮ್ಮ ಕೈ ಮೀರಿದ್ದು ಬೇಕಾದಷ್ಟಿದೆ. ಆ ಸಾಲಿಗಿಂತ ಸ್ವಲ್ಪ ಮುಂಚೆ ಸೇವ್ ಮಾಡಿ ಮಲಗಿದವರು ಮರುದಿನ ತೆರೆದಾಗ ಟ್ರ್ಯಾಕ್ ಮುನ್ನುಡಿಯಿಂದ ಶುರುವಾಗುತ್ತದೆ. ಕೆಲವರು ಸ್ಕಿಪ್ ಒತ್ತಿ ಓಡಿಸುತ್ತಾರೆ. ಮ್ಯೂಟ್ ಮಾಡಿ, ತಮಗಿಷ್ಟವಾದ ಹಾಡು ಹಾಕಿಕೊಂಡು ಓದುವವರೂ ಇದ್ದಾರೆ. ಅಂಥವರಿಗೂ ಅಳು ಬಂತಂತೆ. ಆ ಶ್ರೇಯಸ್ಸು ಕತೆ ಬರೆದವರಿಗೆ. ಈಗ ಹೊಸ ತಂಡವೊಂದರಿಂದ ಪಟ್ಟಿ ಬಂದಿದೆ, ಯಥಾಪ್ರಕಾರ ‘ತುಂಬಾ ಬೇಸರ’ವೇ ಮೊದಲು ಬೇಕಂತೆ. ಊಟದ ದೃಶ್ಯ, ಬಸ್ಸಿಗೆ ಕಾಯುವ ದೃಶ್ಯ ಏನಾದರೂ ಇದ್ದರೆ ಅದರ ಸ್ಕ್ರಿಪ್ಟ್ ಮೊದಲು ಕಳಿಸಿ ಅಂತ ಉತ್ತರ ಬರೆದಿದ್ದೇನೆ.